ನೆರಳಿನ ಅಂಚು ನೋಡಿದರೆ ಬೆಳಕು ಗೊತ್ತಾಗುತ್ತದೆ

ಚಿತ್ರ ಬರೆಯೋಕೆ, ಫೋಟೊ ತೆಗೆಯೋಕೆ ಕಲಿಯುತ್ತಿರೋ ನಮ್ಮಂಥವರು ಬೆಳಕಿನ ಬಗ್ಗೆ ಮೊದಲು ಕೇಳೋದು ‘ಎಷ್ಟಿದೆ’ ಅಂತ. ಆದರೆ ಪ್ರಮಾಣವನ್ನು ಅಳೆಯೋಕೆ ಕಣ್ಣಿಗೆ ಬರೋದೇ ಇಲ್ಲ. ಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕನ್ನು ಅಳೆಯುವ ಮಾನ). ರಾತ್ರಿ ದೀಪ ಹಾಕಿದ ಮನೆಯೊಳಗೆ ಸುಮಾರು 100–200. ನೂರಾರು ಪಟ್ಟು ವ್ಯತ್ಯಾಸ ಇದ್ದರೂ ಎರಡೂ ಕಡೆ ಆರಾಮಾಗಿ ಪೇಪರ್ ಓದುತ್ತೇವೆ, ಅಲ್ವಾ? ಕಣ್ಣು ಹೊಂದಿಕೊಂಡುಬಿಡುತ್ತದೆ. ಹಾಗಾಗಿ ಒಂದು ಜಾಗ ನೆಮ್ಮದಿ ಅನ್ನಿಸೋದಕ್ಕೋ ಬಿಕೋ ಅನ್ನಿಸೋದಕ್ಕೋ ಕಾರಣ ಹುಡುಕುವಾಗ ‘ಬೆಳಕು ಎಷ್ಟು ದೊಡ್ಡ ಜಾಗದಿಂದ ಬರ್ತಿದೆ’ ಅಂತ ಕೇಳಿ. ಈ ಟಿಪ್ಪಣಿಯಲ್ಲಿ ಜಾಸ್ತಿ ಜಾಗ ಇದಕ್ಕೇ.

ಗಡುಸು ಬೆಳಕು, ಮೆದು ಬೆಳಕು

ಸಣ್ಣ ಮೂಲದಿಂದ ಬಂದ ಬೆಳಕು ಗಡುಸು. ನೆರಳಿನ ಅಂಚು ಚೂಪಾಗಿರುತ್ತದೆ. ದೊಡ್ಡ ಮೂಲದ್ದು ಮೆದು. ನೆರಳು ಎಲ್ಲಿ ಮುಗಿಯಿತು ಅಂತ ತೋರಿಸೋಕೆ ಆಗಲ್ಲ. ಇಷ್ಟು ಸುಲಭ.

ತೊಡಕು ಮುಂದಿದೆ. ಸೂರ್ಯನ ಅಡ್ಡಳತೆ ಸುಮಾರು 14 ಲಕ್ಷ ಕಿಲೋಮೀಟರ್. ಅದಕ್ಕಿಂತ ದೊಡ್ಡ ಮೂಲ ಎಲ್ಲಿಂದ ತರೋದು? ಆದರೂ ಬಿಸಿಲಿನ ನೆರಳು ಯಾಕಷ್ಟು ಚೂಪು?

ಉತ್ತರ ಇಷ್ಟೇ: ಬೆಳಕು ಬೀಳುವ ಜಾಗದಿಂದ ನೋಡಿದರೆ ಮೂಲ ಎಷ್ಟು ದೊಡ್ಡದಾಗಿ *ಕಾಣುತ್ತದೆ* ಅನ್ನೋದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಸೂರ್ಯ ನಮ್ಮಿಂದ ಸುಮಾರು 15 ಕೋಟಿ ಕಿಲೋಮೀಟರ್ ದೂರ. ಇಲ್ಲಿಂದ ಅದು ಅರ್ಧ ಡಿಗ್ರಿ ಅಗಲ ಕಾಣುತ್ತದೆ. ತೋಳು ಚಾಚಿ ಹಿಡಿದ ಕಿರುಬೆರಳಿನ ಅಗಲ ಸುಮಾರು ಒಂದು ಡಿಗ್ರಿ, ಸೂರ್ಯ ಅದರ ಅರ್ಧ. ಇದನ್ನು ಸೂರ್ಯನ ಕಡೆ ನೋಡಿ ಅಳೆಯಬೇಡಿ, ಕಣ್ಣಿಗೆ ಅಪಾಯ. ಹುಣ್ಣಿಮೆಯ ಚಂದ್ರನನ್ನು ಅಳೆಯಿರಿ, ಹೆಚ್ಚುಕಡಿಮೆ ಅಷ್ಟೇ ದೊಡ್ಡದು.

ಈಗ ಮೋಡ ಕವಿಯಿತು ಅನ್ನಿ. ಬಿಸಿಲು ಮೋಡದೊಳಗೆಲ್ಲ ಚದುರಿ, ಇಡೀ ಆಕಾಶವೇ ಮೂಲ ಆಗುತ್ತದೆ. ಅರ್ಧ ಡಿಗ್ರಿ ಇದ್ದದ್ದು ಈ ತುದಿಯಿಂದ ಆ ತುದಿಗೆ 180 ಡಿಗ್ರಿ. ಆಗುಂಬೆಯ ಕಡೆ ಜುಲೈ ತಿಂಗಳಲ್ಲಿ ಮರದ ಬುಡದಲ್ಲೂ ನೆರಳಿಗೆ ಅಂಚು ಸಿಗಲ್ಲ. ಎಲ್ಲ ಕಡೆಯಿಂದ ಸಮವಾಗಿ ಬೆಳಕು ಬೀಳೋದರಿಂದ ಗುಡ್ಡಗಳ ಏರಿಳಿತ ಕಳೆದುಹೋಗಿ, ಒಂದರ ಹಿಂದೆ ಒಂದು ಚಪ್ಪಟೆ ಪದರವಾಗಿ ನಿಲ್ಲುತ್ತವೆ. ಮಳೆಗಾಲದ ಆ ಮಂಕು, ಆ ಸುಮ್ನೆ ಕೂರೋಣ ಅನ್ನಿಸುವ ಭಾವದಲ್ಲಿ ಇದರ ಪಾಲು ದೊಡ್ಡದು ಅನ್ನೋದು ನನ್ನ ನಂಬಿಕೆ.

ನೂರರ ಲೆಕ್ಕ

ಇದು ನನಗೆ ತುಂಬಾ ಇಷ್ಟವಾದ ಅಡ್ಡದಾರಿ. ಬಿಸಿಲಿನಲ್ಲಿ ನೆರಳಿನ ಅಂಚು ಎಷ್ಟು ಮಸುಕಾಗುತ್ತದೆ ಅಂತ ಬೇಕಾದರೆ, ವಸ್ತುವಿನಿಂದ ನೆರಳು ಬಿದ್ದ ಜಾಗಕ್ಕೆ ಇರುವ ದೂರವನ್ನು ನೂರರಿಂದ ಭಾಗಿಸಿ. ಒಂದು ಮೀಟರ್ ದೂರಕ್ಕೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಮಸುಕು. ಎಂಟು ಮೀಟರಿಗೆ ಎಂಟು ಸೆಂಟಿಮೀಟರ್. ಕರೆಂಟ್ ಕಂಬದ ನೆರಳು ಬುಡದಲ್ಲಿ ಚೂಪಾಗಿದ್ದು ತುದಿಯ ಕಡೆ ಕರಗಿದ ಹಾಗೆ ಕಾಣೋದು ಇದಕ್ಕೇ. ಮೇಲಿನ ತೆಳು ತಂತಿಯ ನೆರಳು ರಸ್ತೆಯ ಮೇಲೆ ಬಹುತೇಕ ಕಾಣಲ್ಲ. ತಂತಿಯ ದಪ್ಪಕ್ಕಿಂತ ಮಸುಕಿನ ಅಗಲವೇ ಜಾಸ್ತಿ!

ಹೊಂಗೆ ಮರದ ಕೆಳಗೆ ಬೀಳುವ ದುಂಡು ಬಿಸಿಲ ಚುಕ್ಕೆಗಳೂ ಇದೇ ಲೆಕ್ಕದವು. ಎಲೆಗಳ ನಡುವಿನ ಸಂದು ಯಾವ ಆಕಾರದ್ದೇ ಇರಲಿ, ಚಿಕ್ಕದಾಗಿದ್ದರೆ ನೆಲದ ಮೇಲೆ ಬೀಳೋದು ಸೂರ್ಯನ ಬಿಂಬ. ಐದು ಮೀಟರ್ ಎತ್ತರದ ಸಂದಿಗೆ ಸುಮಾರು ಐದು ಸೆಂಟಿಮೀಟರ್ ಅಗಲದ ಚುಕ್ಕೆ. ಡಿಸೆಂಬರ್ 26, 2019ರ ಗ್ರಹಣದಲ್ಲಿ ಬೆಂಗಳೂರಿನ ಮರಗಳ ಕೆಳಗೆ ಈ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರಕ್ಕೆ ತಿರುಗಿದ್ದವು. ಕಂಕಣ ಗ್ರಹಣ ಕಂಡ ಕೊಡಗಿನ ಕುಟ್ಟದ ಕಡೆ ಅವು ಬಳೆಗಳಾದವು.

ಗಾತ್ರ ‘ಕಾಣೋದರ’ ಮೇಲೆ ನಿಂತಿದೆ ಅನ್ನೋದು ಇನ್ನೂ ಕೈಗೆ ಸಿಗದಿದ್ದರೆ ಟ್ಯೂಬ್‌ಲೈಟ್ ಕೆಳಗೆ ಒಂದು ಪೆನ್ಸಿಲ್ ಹಿಡಿಯಿರಿ. ನಾಲ್ಕು ಅಡಿಯ ಒಂದೇ ಟ್ಯೂಬ್, ಅದರ ನೇರ ಕೆಳಗೆ ಮೇಜು, ಮೇಜಿನಿಂದ ಸುಮಾರು ಹತ್ತು ಸೆಂಟಿಮೀಟರ್ ಮೇಲೆ ಪೆನ್ಸಿಲ್. ಪೆನ್ಸಿಲನ್ನು ಟ್ಯೂಬಿನ ಉದ್ದಕ್ಕೆ ಸರಿಯಾಗಿ ಹಿಡಿದರೆ ನೆರಳು ಗೆರೆ ಎಳೆದ ಹಾಗೆ ಬೀಳುತ್ತದೆ. ಅಡ್ಡಕ್ಕೆ ತಿರುಗಿಸಿ: ನೆರಳು ಮಾಯ. ಪೆನ್ಸಿಲ್ ಅದೇ, ದೀಪ ಅದೇ. ಯಾಕೆ ಹೀಗೆ? ಪೆನ್ಸಿಲಿನ ಅಗಲದ ದಿಕ್ಕಿನಲ್ಲಿ ಮೊದಲ ಸಲ ಎದುರಾದದ್ದು ಟ್ಯೂಬಿನ ಎರಡೂವರೆ ಸೆಂಟಿಮೀಟರ್ ದಪ್ಪ. ಎರಡನೇ ಸಲ ಎದುರಾದದ್ದು ಅದರ ನಾಲ್ಕು ಅಡಿ ಉದ್ದ. ಅಂದರೆ ಒಂದೇ ದೀಪ ಒಂದು ದಿಕ್ಕಿಗೆ ಗಡುಸು, ಇನ್ನೊಂದು ದಿಕ್ಕಿಗೆ ಮೆದು. ಇದನ್ನು ಕಣ್ಣಾರೆ ನೋಡಿದ ಮೇಲೆ ಬೇರೆ ವಿವರಣೆ ಬೇಕಾಗಲ್ಲ.

ಮನೆಯೊಳಗೆ

ತೊಟ್ಟಿ ಮನೆಯ ಜಗಲಿಯಲ್ಲಿ ಕೂತವರ ಮೇಲೆ ನೇರ ಬಿಸಿಲು ಬೀಳೋದು ಕಡಿಮೆ. ತೊಟ್ಟಿಯ ಮೇಲಿನ ಆಕಾಶ, ಅಂಗಳದ ನೆಲ, ಎದುರಿನ ಗೋಡೆ ಎಲ್ಲ ಸೇರಿ ಅವರಿಗೆ ಒಂದೇ ದೊಡ್ಡ ಮೂಲ. ಮುಖದ ಒಂದು ಕಡೆ ಬೆಳಕು, ಇನ್ನೊಂದು ಕಡೆಗೆ ಹೋಗ್ತಾ ಹೋಗ್ತಾ ನಿಧಾನಕ್ಕೆ ಕತ್ತಲು. ಅಜ್ಜಿಯ ಮುಖದ ಸುಕ್ಕುಗಳೂ ಅಲ್ಲಿ ಸೌಮ್ಯ. ಅದೇ ಅಜ್ಜಿ ನಡುಮಧ್ಯಾಹ್ನ ಹಿತ್ತಲಲ್ಲಿ ನಿಂತರೆ ಹುಬ್ಬಿನ ನೆರಳು ಕಣ್ಣುಗಳನ್ನು ಮುಚ್ಚಿಬಿಡುತ್ತದೆ, ಮುಖ ದಣಿದ ಹಾಗೆ, ಸಿಡುಕಿದ ಹಾಗೆ ಕಾಣುತ್ತದೆ. ಅದೇ ಮನೆಯ ಅಡುಗೆಮನೆಯಲ್ಲಿ ಮಾಡಿಗೆ ಒಂದು ಗಾಜಿನ ಹೆಂಚು ಹಾಕಿದ್ದರೆ, ಹೊಗೆಯ ನಡುವೆ ಬಿಸಿಲುಕೋಲು ಇಳಿಯುತ್ತದೆ. ಅಲ್ಲಿ ಬೇರೆಯೇ ಗಾಂಭೀರ್ಯ.

ದೀಪದ ಆಪ್ತತೆ

ಮೈಸೂರಿನ ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರ ನೋಡಿರುತ್ತೀರಿ. ಅದು ರವಿವರ್ಮರದ್ದು ಅನ್ನೋರು ಬಹಳ. ಆದರೆ ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಇದು 1940ರ ದಶಕದಲ್ಲಿ ಎಸ್. ಎಲ್. ಹಲ್ದಣಕರ್ ಬರೆದ ಜಲವರ್ಣ ಚಿತ್ರ. ದೀಪಕ್ಕೆ ಅಡ್ಡ ಹಿಡಿದ ಬೆರಳುಗಳ ಅಂಚು ಕೆಂಪಗೆ ಹೊಳೆಯೋದನ್ನು ಹತ್ತಿರದಿಂದ ನೋಡಿ. ಬೆಳಕು ಬೆರಳಿಗೆ ಬಡಿದು ನಿಂತಿಲ್ಲ, ಮಾಂಸದ ಒಳಗಿಂದ ಹಾದು ಬಂದಿದೆ.

ಆ ಚಿತ್ರದ ಆಪ್ತತೆಗೆ ಇನ್ನೊಂದು ಕಾರಣ ದೂರ. ಸಣ್ಣ ದೀಪದ ಬೆಳಕು ದೂರ ಎರಡು ಪಟ್ಟಾದರೆ ಕಾಲುಭಾಗಕ್ಕೆ ಇಳಿಯುತ್ತದೆ. ದೀಪದಿಂದ ಮುಖ ಒಂದು ಅಡಿ, ಹಿಂದಿನ ಗೋಡೆ ನಾಲ್ಕು ಅಡಿ ಅಂದುಕೊಂಡರೆ ಗೋಡೆಗೆ ಸಿಗೋದು 16ನೇ ಒಂದು ಭಾಗ. ಹಾಗಾಗಿ ದೀಪದ ಲೋಕ ಒಂದು ತೋಳಿನ ಅಳತೆಯಲ್ಲಿ ಮುಗಿಯುತ್ತದೆ, ಒಳಗಿದ್ದವರು ಹತ್ತಿರದವರು ಅನ್ನಿಸುತ್ತಾರೆ. ಬಿಸಿಲಿಗೆ ಈ ಗುಣ ಇಲ್ಲ. 15 ಕೋಟಿ ಕಿಲೋಮೀಟರಿನ ಮುಂದೆ ಮಹಡಿಗೂ ಅಂಗಳಕ್ಕೂ ಏನು ವ್ಯತ್ಯಾಸ?

ದಿಕ್ಕು, ಬಣ್ಣ: ಚುಟುಕಾಗಿ

ಹಂಪಿಯ ಬಂಡೆಗಳ ಒರಟುತನ ಕಾಣೋದು ಎಳೆಬಿಸಿಲಿನಲ್ಲಿ, ಇಳಿಬಿಸಿಲಿನಲ್ಲಿ. ಬೆಳಕು ಪಕ್ಕದಿಂದ ಸವರಿಕೊಂಡು ಹೋದಾಗ ಪ್ರತಿ ಉಬ್ಬಿಗೂ ಉದ್ದದ ನೆರಳು ಹುಟ್ಟುತ್ತದೆ. ಬಿಸಿಲಿನ ದಿನ ಹೊರಗಿನ ನೆರಳುಗಳಲ್ಲಿ ನೀಲಿ ಹುಡುಕಿ, ಅಲ್ಲಿಗೆ ಬೆಳಕು ಕೊಡೋದು ನೀಲಿ ಆಕಾಶ. ಕತ್ತಲಾಗುವ ಹೊತ್ತಿಗೆ ಕೆಂಪು ದಾಸವಾಳ ಕಪ್ಪಾಗಿ, ಎಲೆಗಳು ಮಾತ್ರ ಇನ್ನೂ ತಿಳಿಯಾಗಿ ಕಾಣುತ್ತವೆ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳಿಗೆ ಕೆಂಪು ಸರಿಯಾಗಿ ತಿಳಿಯಲ್ಲ. ಪುರ್ಕಿನ್ಯೆ ಎಂಬ ವಿಜ್ಞಾನಿ ಇದನ್ನು 1819ರಲ್ಲೇ ಗುರುತಿಸಿದ್ದರು.

ಅಭ್ಯಾಸಕ್ಕೆ ಒಂದು ಕೆಲಸ. ಕರೆಂಟ್ ಹೋದಾಗ ಮೊಬೈಲ್ ಟಾರ್ಚನ್ನು ಎದುರಿದ್ದವರ ಮುಖಕ್ಕೆ ಬಿಡುವ ಬದಲು ಬಿಳಿ ಗೋಡೆಗೆ ಬಿಡಿ. ಈಗ ಆ ಗೋಡೆಯೇ ಮೂಲ. ಟಾರ್ಚನ್ನು ಗೋಡೆಯ ಹತ್ತಿರ ತಂದು, ಮತ್ತೆ ದೂರ ಒಯ್ದು, ಎರಡೂ ಸಲ ಮೂಗಿನ ನೆರಳಿನ ಅಂಚು ಹೇಗಿದೆ ಅಂತ ನೋಡಿ ಬರೆದಿಟ್ಟುಕೊಳ್ಳಿ.