ಹಳೇ ಟಿವಿ ಮುಂದೆ ಲೆನ್ಸ್ ಇಟ್ಟರೆ ಚಿತ್ರ ಸ್ಪಷ್ಟ ಆಗುತ್ತಾ?

ಪ್ರಶ್ನೆ: ಸರ್, ರಷ್ಯಾದ ಹಳೇ ಕೆವಿಎನ್-49 ಟಿವಿಯ ಚಿಕ್ಕ ಪರದೆ ಮುಂದೆ, ಚಿತ್ರ ದೊಡ್ಡದಾಗಿ ಕಾಣಲಿ ಅಂತ ಇಡುತ್ತಿದ್ದ ಲೆನ್ಸ್ ಒಂದು ಮಾರಾಟಕ್ಕಿದೆ. ಒಳಗೆ ಖಾಲಿ. ನಲ್ಲಿ ನೀರು ತುಂಬಿಸಬಹುದಾ? ಇದನ್ನಿಟ್ಟರೆ ಚಿತ್ರ ಸ್ಪಷ್ಟವಾಗಿ, ಜಾಸ್ತಿ ಬೆಳಕಾಗಿ ಕಾಣುತ್ತೆ ಅಂತಾರೆ, ನಿಜಾನಾ?

ನೀರಿನ ವಿಷಯ ಬೇಗ ಮುಗಿಸೋಣ. ನಲ್ಲಿ ನೀರು ಬೇಡ. ಪಾಚಿ ಕಟ್ಟುತ್ತದೆ, ಗುಳ್ಳೆ ಏಳುತ್ತದೆ, ಬಿಳಿ ಕಲೆ ಕೂರುತ್ತದೆ. ರಷ್ಯಾದವರು ಡಿಸ್ಟಿಲ್ಡ್ ವಾಟರ್ ಇಲ್ಲವೇ ಗ್ಲಿಸರಿನ್ ತುಂಬುತ್ತಿದ್ದರು. ಅಮೆರಿಕ, ಬ್ರಿಟನ್ನಿನ ಲೆನ್ಸ್‌ಗಳಲ್ಲಿ ಹೆಚ್ಚಾಗಿ ಮಿನರಲ್ ಆಯಿಲ್ ಇರುತ್ತಿತ್ತು. ನೀರಿನ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ, 1.33, ಗ್ಲಿಸರಿನ್‌ದು 1.47. ಹಾಗಾಗಿ ಅದೇ ಲೆನ್ಸಿಗೆ ಗ್ಲಿಸರಿನ್ ತುಂಬಿದರೆ ಬೆಳಕು ಬಾಗಿಸುವ ಶಕ್ತಿ ಸುಮಾರು 40 ಪರ್ಸೆಂಟ್ ಹೆಚ್ಚುತ್ತದೆ. ತುಂಬುವ ಮೊದಲು ಅಂಚಿನ ಅಂಟು ಬಿಟ್ಟಿದೆಯಾ ನೋಡಿ. ಒರೆಸಲು ಸ್ಪಿರಿಟ್, ಅಸಿಟೋನ್ ಮುಟ್ಟಲೇಬೇಡಿ, ಲೆನ್ಸಿನ ಅಕ್ರಿಲಿಕ್ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಸೋಪಿನ ನೀರು, ಮೆತ್ತನೆ ಹತ್ತಿಬಟ್ಟೆ ಸಾಕು.

ಈಗ ಎರಡನೇ ಪ್ರಶ್ನೆ. ಇದಕ್ಕೆ ಎಷ್ಟು ಸಲ ಉತ್ತರ ಬರೆದರೂ ಮತ್ತೆ ಬರುತ್ತಲೇ ಇರುತ್ತದೆ. ಇರಲಿ, ಇನ್ನೊಂದು ಸಲ ಬರೆಯುತ್ತೇನೆ.

ಲೆನ್ಸ್ ಚಿತ್ರಕ್ಕೆ ಏನನ್ನೂ ಸೇರಿಸುವುದಿಲ್ಲ. ಕೆವಿಎನ್-49ರ ಪರದೆ 10.5 ಸೆಂ.ಮೀ. ಎತ್ತರ, 14 ಸೆಂ.ಮೀ. ಅಗಲ. ಟಿವಿ ಚಿತ್ರ ಮೂಡುವುದು ಒಂದರ ಕೆಳಗೊಂದು ಅಡ್ಡಗೆರೆಗಳಿಂದ; ರಷ್ಯಾದ ಪ್ರಸಾರ 625 ಗೆರೆಗಳದ್ದು. ಲೆನ್ಸ್ ಇಟ್ಟ ಮೇಲೂ ಅಷ್ಟೇ ಗೆರೆ. ಬ್ರಿಟನ್ನಿನ ಬುಷ್ ಟಿವಿ22 ತಗೊಳ್ಳಿ, 1950ರ ಬೇಕಲೈಟ್ (ಹಳೇ ಕಾಲದ ಗಟ್ಟಿ ಪ್ಲಾಸ್ಟಿಕ್) ಸೆಟ್, 9 ಇಂಚಿನ ಪಿಕ್ಚರ್ ಟ್ಯೂಬ್. ಅಲ್ಲಿ ಪ್ರಸಾರವೇ 405 ಗೆರೆ. ಯಾವ ಗಾಜು, ಯಾವ ಎಣ್ಣೆ ಹಾಕಿದರೂ 406ನೇ ಗೆರೆ ಹುಟ್ಟುವುದಿಲ್ಲ.

‘ಆದರೆ ನನ್ನ ಕಣ್ಣಿಗೇ ಸ್ಪಷ್ಟ ಕಂಡಿತಲ್ಲ!’ ಅನ್ನುತ್ತೀರಿ. ಕಂಡಿರುತ್ತದೆ. ಎಂಟು ಅಡಿ ದೂರದಿಂದ ಅಷ್ಟು ಚಿಕ್ಕ ಪರದೆಯ ಸಣ್ಣ ವಿವರ ಕಣ್ಣಿಗೆ ಸಿಗುವುದಿಲ್ಲ. ಲೆನ್ಸ್ ದೊಡ್ಡದು ಮಾಡಿದಾಗ, ಅಲ್ಲಿ ಮೊದಲೇ ಇದ್ದ ವಿವರ ಸಿಗುತ್ತದೆ. ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂತ ಹಾಗೆ, ಅಷ್ಟೇ. ತೀರಾ ದೊಡ್ಡದಾದರೆ ಗೆರೆಗಳೇ ಬೇರೆಬೇರೆಯಾಗಿ ಕಾಣಲು ಶುರುವಾಗುತ್ತವೆ.

ಬೆಳಕಿನ ವಿಷಯದಲ್ಲಿ ಎರಡು ಪಂಗಡ ಇದೆ. ಎರಡೂ ತಪ್ಪು! ಲೆನ್ಸ್ ಬೆಳಕು ಹೆಚ್ಚಿಸುತ್ತದೆ ಅನ್ನುವವರು ಒಂದು ಕಡೆ. ಚಿತ್ರ ಹಿಗ್ಗುವುದರಿಂದ ಬೆಳಕು ಹಂಚಿಹೋಗಿ ಮಂಕಾಗುತ್ತದೆ ಅನ್ನುವ ಜಾಣರು ಇನ್ನೊಂದು ಕಡೆ. ಚಿತ್ರ ಹಿಗ್ಗಿ ಮಂಕಾಗುವುದು ಪ್ರೊಜೆಕ್ಟರಿನಲ್ಲಿ, ಗೋಡೆಯ ಮೇಲೆ. ಇಲ್ಲಿ ನೀವು ಲೆನ್ಸಿನ ಮೂಲಕ ಪರದೆಯನ್ನೇ ನೋಡುತ್ತಿದ್ದೀರಿ. ನೇರ ಎದುರಿಗೆ ಕೂತವರಿಗೆ ಚಿತ್ರದ ಪ್ರತಿ ಭಾಗದ ಹೊಳಪು ಮೊದಲಿನಷ್ಟೇ ಇರುತ್ತದೆ. ಲೆನ್ಸಿನ ಮೈಮೇಲೆ ಪ್ರತಿಫಲನವಾಗಿ ಸ್ವಲ್ಪ ಕಳೆಯುತ್ತದೆ, ಅಷ್ಟೇ. ಹೊಳಪು ಅಷ್ಟೇ ಇದ್ದು ಚಿತ್ರ ದೊಡ್ಡದಾದರೆ ಕಣ್ಣಿಗೆ ಬೀಳುವ ಒಟ್ಟು ಬೆಳಕು ಜಾಸ್ತಿ ಆಗಬೇಕಲ್ವಾ? ಆಗುತ್ತದೆ. ಅದು ಬಂದಿದ್ದು ಪಕ್ಕದಲ್ಲಿ ಕೂತವರ ಪಾಲಿನಿಂದ. ಅತ್ತಿತ್ತ ಹೋಗಬೇಕಾದ ಬೆಳಕನ್ನು ಲೆನ್ಸ್ ನಡುವಿಗೆ ತಿರುಗಿಸುತ್ತದೆ. ಅದಕ್ಕೇ ಪಕ್ಕದಿಂದ ನೋಡಿದವರಿಗೆ ಚಿತ್ರ ಸೊಟ್ಟಗೆ, ಅರ್ಧಂಬರ್ಧ ಕಾಣುತ್ತದೆ. ಹತ್ತು ಜನ ಸೇರಿ ನೋಡುವ ಮನೆಯಲ್ಲಿ ಲೆನ್ಸಿನ ಪೂರ್ತಿ ಲಾಭ ಸಿಗುತ್ತಿದ್ದದ್ದು ಮಧ್ಯೆ ಕೂತ ಎರಡು ಮೂರು ಜನಕ್ಕೆ. ಈ ಒಂದು ಮಾತು ಅರ್ಥವಾದರೆ ಇಡೀ ವಿಷಯ ಅರ್ಥವಾದ ಹಾಗೆ.

ಕೊಂಡ ಮೇಲೆ ಕಿಟಕಿಯ ಬಿಸಿಲಿಗೆ ಮಾತ್ರ ಇಡಬೇಡಿ. ಅದು ಭೂತಗನ್ನಡಿ. ಪರದೆ ಬಟ್ಟೆ, ಮರದ ಪೆಟ್ಟಿಗೆ ಎರಡನ್ನೂ ಸುಟ್ಟೀತು.

ಇಷ್ಟೆಲ್ಲ ಕಷ್ಟಪಡುವ ಬದಲು ದೊಡ್ಡ ಟ್ಯೂಬನ್ನೇ ಯಾಕೆ ಮಾಡಲಿಲ್ಲ? ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ, ಯಾಕಂದರೆ ನನಗೆ ಇಷ್ಟವಾದ ಭಾಗ ಇದೇ. ಪಿಕ್ಚರ್ ಟ್ಯೂಬಿನ ಒಳಗೆ ನಿರ್ವಾತ, ಹೊರಗೆ ಗಾಳಿಯ ಒತ್ತಡ. ಪರದೆ ದೊಡ್ಡದಾದಷ್ಟೂ ಗಾಜು ದಪ್ಪ, ಬೆಲೆಯೂ ದುಬಾರಿ. ಜೊತೆಗೆ ಆಗಿನ ಟ್ಯೂಬಿನಲ್ಲಿ ಪರದೆ ಮೇಲೆ ಚಿತ್ರ ಮೂಡಿಸುವ ಎಲೆಕ್ಟ್ರಾನ್ ಕಿರಣವನ್ನು ಅಗಲಕ್ಕೆ ಬಾಗಿಸಲು ಬರುತ್ತಿರಲಿಲ್ಲ. ಪರದೆ ಅಗಲವಾದರೆ ಟ್ಯೂಬ್ ಉದ್ದುದ್ದ ಬೆಳೆಯುತ್ತಿತ್ತು. 1939ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯವರು ಟಿಆರ್‌ಕೆ-12 ಎಂಬ ಸೆಟ್ಟಿನಲ್ಲಿ 12 ಇಂಚಿನ ಟ್ಯೂಬನ್ನು ನೆಟ್ಟಗೆ ನಿಲ್ಲಿಸಿಬಿಟ್ಟರು! ಪರದೆ ಆಕಾಶ ನೋಡುತ್ತಿರುತ್ತದೆ. ಮೇಲಿನ ಮುಚ್ಚಳ ತೆರೆದರೆ ಅದರೊಳಗೆ ಕನ್ನಡಿ. ಮನೆಯವರು ನೋಡುವುದು ಕನ್ನಡಿಯಲ್ಲಿನ ಚಿತ್ರ. ಕನ್ನಡಿಯಲ್ಲಿ ಅಕ್ಷರ ತಿರುಗಾಮುರುಗಾ ಆಗಬಾರದಲ್ಲ, ಅದಕ್ಕೆ ಟ್ಯೂಬಿನಲ್ಲೇ ಚಿತ್ರವನ್ನು ಎಡಬಲ ತಿರುಗಿಸಿ ಮೂಡಿಸುತ್ತಿದ್ದರು.

ಮುಂದೆ ಕಿರಣವನ್ನು 70, 90, 110 ಡಿಗ್ರಿ ಅಗಲಕ್ಕೆ ಬಾಗಿಸುವ, ಉದ್ದ ಕಡಿಮೆಯ ದೊಡ್ಡ ಟ್ಯೂಬುಗಳು ಬಂದವು. ಕನ್ನಡಿಯ ಕಾಲ ಮುಗಿಯಿತು, ಲೆನ್ಸಿನ ಕಾಲವೂ ಮುಗಿಯಿತು. ದೆಹಲಿಯಲ್ಲಿ ಟಿವಿ ಪ್ರಸಾರ ಶುರುವಾಗಿದ್ದೇ 1959ರ ಸೆಪ್ಟೆಂಬರ್ 15ಕ್ಕೆ. ಅಷ್ಟರಲ್ಲಿ ದೊಡ್ಡ ಪರದೆ ಮಾಮೂಲಾಗಿತ್ತು. ಹಾಗಾಗಿ ನಮ್ಮ ಗುಜರಿ ಅಂಗಡಿಗಳಲ್ಲಿ ಈ ಲೆನ್ಸ್ ಹುಡುಕಿ ಸುಮ್ನೆ ಸುಸ್ತಾಗಬೇಡಿ. ಅಲ್ಲಿ ಸಿಗೋದು ಕಪ್ಪುಬಿಳುಪು ಟಿವಿಗೆ ಕಟ್ಟುತ್ತಿದ್ದ, ಮೇಲೆ ನೀಲಿ ಕೆಳಗೆ ಹಸಿರು ಇರುವ ಪ್ಲಾಸ್ಟಿಕ್ ಹಾಳೆ. ಅದು ಲೆನ್ಸ್ ಅಲ್ಲ. ದಯವಿಟ್ಟು ಅದರ ಫೋಟೋ ಕಳಿಸಿ ಬೆಲೆ ಕೇಳಬೇಡಿ.