ಕ್ರಿಸ್‌ಮಸ್ ಕಥೆ ಪುಸ್ತಕ ನಮ್ಮ ಮಕ್ಕಳಿಗೆ ಕೊಡಿಸಬಹುದಾ?

ಪ್ರಶ್ನೆ: ಸರ್, ಮಗಳು ಮೂರನೇ ಕ್ಲಾಸು. ಡಿಸೆಂಬರಿನಲ್ಲಿ ಒಂದು ಪುಸ್ತಕ ಕೊಡಿಸೋಣ ಅಂತ ಹೋದರೆ ಎಲ್ಲಾ ಕಡೆ ಕ್ರಿಸ್‌ಮಸ್ ಕಥೆಗಳೇ. ‘ಪ್ರಸಿದ್ಧ ಮಕ್ಕಳ ಪುಸ್ತಕಗಳಿಂದ ಪ್ರೇರಿತ’ ಅಂತ ಬೇರೆ ಹಾಕಿರುತ್ತಾರೆ. ನಾವು ಕ್ರೈಸ್ತರಲ್ಲ. ಕೊಡಿಸಬಹುದಾ? (ಓದುಗರೊಬ್ಬರು, ಕೌಲ್ ಬಜಾರ್, ಬಳ್ಳಾರಿ)

ಕೊಡಿಸಿ. ಉತ್ತರ ಇಷ್ಟೇ.

ಆದರೆ ಪ್ರತಿ ಡಿಸೆಂಬರಿಗೂ ಇದೇ ಪ್ರಶ್ನೆ ಬರುತ್ತದೆ. ಒಮ್ಮೆ ರಾಯಚೂರಿನಿಂದ, ಒಮ್ಮೆ ಗಂಗಾವತಿಯಿಂದ. ಊರು ಬದಲಾದರೂ ‘ನಾವು ಕ್ರೈಸ್ತರಲ್ಲ’ ಅನ್ನುವ ಸಾಲು ತಪ್ಪುವುದಿಲ್ಲ. ಅದಕ್ಕೇ ಈ ಸಲ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಮುಂದಿನ ವರ್ಷ ಯಾರಾದರೂ ಕೇಳಿದರೆ ಇದನ್ನೇ ತೋರಿಸಿ.

ಮೊದಲು ಆ ‘ಪ್ರೇರಿತ’ದ ವಿಷಯ ಮುಗಿಸಿಬಿಡೋಣ. ಹಳೆಯ ಪುಸ್ತಕವನ್ನು ಚಿಕ್ಕದು ಮಾಡಿದರೂ ಪ್ರೇರಿತ, ಹಳೆಯ ಪಾತ್ರಗಳನ್ನು ಇಟ್ಟುಕೊಂಡು ಹೊಸ ಕಥೆ ಕಟ್ಟಿದರೂ ಪ್ರೇರಿತ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದರೆ ಹಕ್ಕುಸ್ವಾಮ್ಯ ಮುಗಿಯಿತು. ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ತೀರಿಕೊಂಡದ್ದು 1870ರಲ್ಲಿ, ಡೆನ್ಮಾರ್ಕಿನ ಕಥೆಗಾರ ಆಂಡರ್ಸನ್ 1875ರಲ್ಲಿ. ಈಗ ಯಾರು ಬೇಕಾದರೂ ಕತ್ತರಿ ಆಡಿಸಬಹುದು, ಆಡಿಸುತ್ತಲೂ ಇದ್ದಾರೆ. ಮುಖಪುಟಕ್ಕೆ ಮರುಳಾಗದೆ ಒಳಗಿನ ಎರಡು ಪುಟ ಅಂಗಡಿಯಲ್ಲೇ ನಿಂತು ಓದಿ. ‘ಆಮೇಲೆ ಹೋದ, ಆಮೇಲೆ ಬಂದ’ ಅಂತ ಬರೀ ವರದಿ ಇದ್ದರೆ ವಾಪಸ್ ಇಟ್ಟುಬಿಡಿ.

ಈಗ ಆ ಹಟಮಾರಿ ನಂಬಿಕೆ. ಕ್ರಿಸ್‌ಮಸ್ ಕಥೆ ಅಂದರೆ ಚರ್ಚಿನ ಪುಸ್ತಕವಂತೆ. ಓದಿದರೆ ಮಗುವಿನ ಮನಸ್ಸು ಆ ಕಡೆ ತಿರುಗುತ್ತದಂತೆ. ಹೀಗೆ ಹೇಳುವವರು ಪುಸ್ತಕ ತೆರೆದು ನೋಡಿರುವುದಿಲ್ಲ, ಅಷ್ಟು ಗ್ಯಾರಂಟಿ.

ಈ ಸಂಗ್ರಹಗಳಲ್ಲಿ ಮತ್ತೆ ಮತ್ತೆ ಸಿಗುವುದು ಡಿಕನ್ಸನ ‘ಎ ಕ್ರಿಸ್‌ಮಸ್ ಕ್ಯಾರಲ್’. ಅದು ಬಂದದ್ದು 1843ರ ಡಿಸೆಂಬರ್ 19ಕ್ಕೆ. ಅದು ಹುಟ್ಟಿದ್ದು ಯಾವ ಪಾದ್ರಿಯ ಉಪದೇಶ ಕೇಳಿ ಅಲ್ಲ. ಗಣಿ, ಕಾರ್ಖಾನೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ಬಂದಿದ್ದ ಸರ್ಕಾರಿ ವರದಿಯನ್ನು ಆ ವರ್ಷ ಡಿಕನ್ಸ್ ಓದಿದ್ದ. ಬಡ ಮಕ್ಕಳ ಪರವಾಗಿ ಒಂದು ಕರಪತ್ರ ಬರೆಯಲು ಹೊರಟವನು, ಕಥೆಯೇ ಜಾಸ್ತಿ ನಾಟುತ್ತದೆ ಅಂತ ಮನಸ್ಸು ಬದಲಿಸಿದ. ಅವನೂ 12ನೇ ವಯಸ್ಸಿನಲ್ಲಿ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸಿದವನು. ಆಗ ಅಪ್ಪ ಸಾಲದ ಜೈಲಿನಲ್ಲಿದ್ದ. ಸಂಡೂರಿನ ರಸ್ತೆಯಲ್ಲಿ ಅದಿರು ಲಾರಿಗಳ ಕೆಂಪು ಧೂಳು ಕುಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾ? ಕಥೆಯಲ್ಲಿ ಇರುವುದು ಒಬ್ಬ ಜಿಪುಣ ಸಾಹುಕಾರ, ಅವನ ಕೈಕೆಳಗೆ ಚಿಲ್ಲರೆ ಸಂಬಳದ ಗುಮಾಸ್ತ, ಆ ಗುಮಾಸ್ತನ ಕಾಯಿಲೆಯ ಮಗ. ಚರ್ಚು ಅಲ್ಲಿ ಇಲ್ಲಿ ಬಂದು ಹೋಗುತ್ತದೆ, ಅಷ್ಟೇ.

ಇಂಗ್ಲೆಂಡಿನ ಮಕ್ಕಳ ಲೇಖಕಿ ಬಿಯಾಟ್ರಿಕ್ಸ್ ಪಾಟರ್ 1903ರಲ್ಲಿ ತಂದ ಗ್ಲಾಸ್ಟರ್ ಊರಿನ ಟೈಲರ್ ಕಥೆ ನೋಡಿ. ಕ್ರಿಸ್‌ಮಸ್ ದಿನ ಮೇಯರ್ ಸಾಹೇಬರ ಮದುವೆ. ಅವರ ಕೋಟು ಹೊಲಿಯಬೇಕಾದ ಮುದುಕ ಜ್ವರ ಬಂದು ಮಲಗಿದ್ದಾನೆ. ರಾತ್ರಿಯೆಲ್ಲ ಕೂತು ಇಲಿಗಳು ಹೊಲಿದು ಮುಗಿಸುತ್ತವೆ. ಒಂದೇ ಒಂದು ಕಾಜಾ ಬಾಕಿ. ಅಲ್ಲಿ ಒಂದು ಚೀಟಿ: ದಾರ ಮುಗಿಯಿತು. ಮನೆಮನೆಯಲ್ಲಿ ಜೀನ್ಸ್ ಹೊಲಿಯುವ ಬಳ್ಳಾರಿಯಲ್ಲಿ ಆ ಚೀಟಿ ಅರ್ಥವಾಗದ ಮಗು ಯಾವುದು? ಡೆಲಿವರಿ ದಿನ ದಾರ ಮುಗಿದರೆ ಏನು ಗತಿ ಅಂತ ಅವಕ್ಕೆ ನಮಗಿಂತ ಚೆನ್ನಾಗಿ ಗೊತ್ತು. ಇಲ್ಲಿ ಧರ್ಮ ಎಲ್ಲಿದೆ, ನೀವೇ ಹೇಳಿ.

ದೇವರ ಮಾತು ಇರುವ ಕಥೆಗಳೂ ಉಂಟು, ಇಲ್ಲ ಅನ್ನುವುದಿಲ್ಲ. ರಷ್ಯಾದ ಲೇಖಕ ಟಾಲ್‌ಸ್ಟಾಯ್ 1885ರಲ್ಲಿ ಹೇಳಿದ ಬೂಟು ಹೊಲಿಯುವ ಮುದುಕನ ಕಥೆ ಅಂಥದು. ಮುದುಕ ಏಸುವಿಗಾಗಿ ದಿನವಿಡೀ ಕಾಯುತ್ತಾನೆ. ಕಾಯುತ್ತಲೇ ಚಳಿಯಲ್ಲಿ ನಡುಗುವವನಿಗೆ ಚಹಾ, ಹಸಿದ ಬಾಣಂತಿಗೆ ಊಟ ಕೊಡುತ್ತಾನೆ. ಬಂದವನು ನಾನೇ ಅಂತ ಕೊನೆಗೆ ದೇವರು ಹೇಳುತ್ತಾನೆ. ಕೊಪ್ಪಳದ ಗವಿಮಠದ ದಾಸೋಹದಲ್ಲಿ ಉಂಡು ಬಂದ ಮಕ್ಕಳಿಗೆ ಇದೇನು ಹೊಸ ಪಾಠವಾ? ಮುದಗಲ್ಲಿನ ಮೊಹರಂಗೆ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುವ ಜನ ನಾವು. ಒಂದು ಕಥೆ ಪುಸ್ತಕಕ್ಕೆ ಹೆದರುತ್ತೀವಿ ಅಂದರೆ ನಗು ಬರುತ್ತದೆ.

ಧರ್ಮಗ್ರಂಥ ಯಾವುದು ಅಂತ ಬಳ್ಳಾರಿಯವರಿಗೆ ಗೊತ್ತಿರಬೇಕಿತ್ತು. 1810ರಲ್ಲಿ ಇಲ್ಲಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತಂದದ್ದು ಇದೇ ಊರಿನಲ್ಲಿ ಕೂತು. ಅದು ಗ್ರಂಥ. ಇಲಿ ಕೋಟು ಹೊಲಿಯುವುದು ಕಥೆ.

ಇಷ್ಟು ಹೇಳಿದ ಮೇಲೆ, ಯಾರೂ ಕೇಳದ ಇನ್ನೊಂದು ಪ್ರಶ್ನೆ ನನ್ನನ್ನು ಕಾಡುತ್ತದೆ. ಹಬ್ಬದ ಕಥೆಯಲ್ಲಿ ದೆವ್ವ ಯಾಕೆ? ಡಿಕನ್ಸನ ಕಥೆಯಲ್ಲಿ ಮೂರು ದೆವ್ವ ಅಂತ ಎಲ್ಲರೂ ಹೇಳುತ್ತಾರೆ. ಮೂರಲ್ಲ, ನಾಲ್ಕು. ಸರಪಳಿ ಎಳೆದುಕೊಂಡು ಮೊದಲು ಬರುವ ಮಾರ್ಲಿಯನ್ನು, ಅಂದರೆ ಆ ಜಿಪುಣನ ಸತ್ತ ಪಾಲುದಾರನನ್ನು, ಯಾಕೋ ಲೆಕ್ಕಕ್ಕೇ ಹಿಡಿಯುವುದಿಲ್ಲ. ಇಂಗ್ಲೆಂಡಿನಲ್ಲಿ ಡಿಸೆಂಬರ್ ಕೊನೆಗೆ ಸಂಜೆ ನಾಲ್ಕಕ್ಕೇ ಕತ್ತಲು. ಹೊರಗೆ ಹೋಗುವಂತಿಲ್ಲ, ಬೆಂಕಿ ಮುಂದೆ ಕೂತು ದೆವ್ವದ ಕಥೆ ಹೇಳುವುದೇ ಕೆಲಸ. ಕೇಂಬ್ರಿಡ್ಜಿನ ದೊಡ್ಡ ವಿದ್ವಾಂಸ ಎಂ. ಆರ್. ಜೇಮ್ಸ್ ಕೂಡ ಕ್ರಿಸ್‌ಮಸ್ ರಾತ್ರಿಗಳಲ್ಲಿ ಸ್ನೇಹಿತರಿಗೆ ತನ್ನ ದೆವ್ವದ ಕಥೆಗಳನ್ನು ಓದಿ ಹೇಳುತ್ತಿದ್ದ. ಸಂತೋಷದ ಕಥೆಗಳಷ್ಟೇ ಹಬ್ಬಕ್ಕೆ ಹೊಂದುತ್ತವೆ ಅನ್ನುವುದು ಈಚಿನವರ ಯೋಚನೆ.

ನಿಜವಾಗಿ ಹುಷಾರಾಗಿರಬೇಕಾದದ್ದು ಆಂಡರ್ಸನ್ 1845ರಲ್ಲಿ ಬರೆದ ಬೆಂಕಿಕಡ್ಡಿ ಮಾರುವ ಹುಡುಗಿಯ ಕಥೆಗೆ. ಅದು ನಡೆಯುವುದು ಕ್ರಿಸ್‌ಮಸ್ ದಿನ ಅಲ್ಲ, ವರ್ಷದ ಕೊನೆಯ ರಾತ್ರಿ. ಆದರೂ ಈ ಸಂಗ್ರಹಗಳಲ್ಲಿ ಸೇರಿಸುತ್ತಾರೆ. ಕೊನೆಗೆ ಹುಡುಗಿ ಚಳಿಯಲ್ಲಿ ಸಾಯುತ್ತಾಳೆ. ಮೊದಲು ನೀವು ಓದಿ, ಆಮೇಲೆ ಮಗಳ ಕೈಗೆ ಕೊಡಿ. ಮೂರನೇ ಕ್ಲಾಸಿಗೆ ಇಲಿಗಳ ಕಥೆ ಅವಳೇ ಓದಿಕೊಳ್ಳಲಿ. ದೆವ್ವಗಳದ್ದನ್ನು ಪಕ್ಕದಲ್ಲಿ ಕೂತು ನೀವು ಜೋರಾಗಿ ಓದಿ. ಮಾರ್ಲಿಯ ಸರಪಳಿ ಸದ್ದು ಮಾಡುವ ಕೆಲಸ ಅವಳಿಗೆ ಬಿಡಿ.