ಶಾಲೆಯಲ್ಲಿ ಒಂದು ಭಾಷಣ ಮಾಡಿಸಿದರೆ ಮಕ್ಕಳು ಕುಡಿತದಿಂದ ದೂರ ಇರ್ತಾರಾ?

ಪ್ರಶ್ನೆ: ಮಗ ಕೊಡಗಿನ ಗೋಣಿಕೊಪ್ಪಲಿನಲ್ಲಿ ಒಂಬತ್ತನೇ ಕ್ಲಾಸ್. ನಮ್ಮ ಕಡೆ ಮದುವೆ, ಹಬ್ಬ ಅಂದ್ರೆ ಡ್ರಿಂಕ್ಸ್ ಇದ್ದೇ ಇರುತ್ತೆ. ಶಾಲೆಯವರು ವರ್ಷಕ್ಕೊಮ್ಮೆ ಕುಡಿತದ ಬಗ್ಗೆ ಭಾಷಣ ಇಡ್ತಾರೆ. ಅದರಿಂದ ಏನಾದರೂ ಆಗುತ್ತಾ?

ಉತ್ತರ: ಬರೀ ಭಾಷಣದಿಂದ ಆಗೋದು ತುಂಬಾ ಕಡಿಮೆ. ಮಕ್ಕಳನ್ನು ಮಾದಕ ವಸ್ತುಗಳಿಂದ ದೂರ ಇಡೋಕೆ ಅಮೆರಿಕದಲ್ಲಿ 1983ರಲ್ಲಿ ಡೇರ್ ಅನ್ನೋ ಕಾರ್ಯಕ್ರಮ ಶುರುವಾಯಿತು. ಪೊಲೀಸರೇ ಕ್ಲಾಸಿಗೆ ಬಂದು ಪಾಠ ಮಾಡುತ್ತಿದ್ದರು. ಮುಂದೆ ಅಧ್ಯಯನ ಮಾಡಿ ನೋಡಿದಾಗ, ಪಾಠ ಕೇಳಿದ ಮಕ್ಕಳಿಗೂ ಕೇಳದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಲಿವರ್ ಹಾಳಾದ ಚಿತ್ರ ತೋರಿಸಿದರೆ ಹದಿನಾಲ್ಕರ ಹುಡುಗನಿಗೆ ಅದು ವಯಸ್ಸಾದವರ ಕಾಯಿಲೆ, ಅಷ್ಟೇ.

ಅವನಿಗೆ ಕಷ್ಟ ಇರೋದು ಬೇರೆ ಕಡೆ. ಮದುವೆ ಮಂಟಪದ ಹಿಂದೆ ಐಸ್ ತಾ, ಸೋಡಾ ತಾ ಅಂತ ಓಡಾಡಿಸೋದು ಇವನನ್ನೇ. ಯಾರೋ ಮಾವ ಗ್ಲಾಸ್ ಮುಂದೆ ಹಿಡಿದು, “ಗಂಡು ಹುಡುಗ ಅಲ್ವಾ, ಒಂದು ಗುಟುಕು ಹಾಕು” ಅಂತಾರೆ. ಆ ಮಾವ ಅಂದ್ರೆ ಇವನಿಗೆ ಪ್ರೀತಿ, ಮರ್ಯಾದೆ ಎರಡೂ ಇದೆ. ಅಣ್ಣಂದಿರು ನೋಡುತ್ತಿದ್ದಾರೆ. ಬೇಡ ಅನ್ನೋದು ಹೇಗೆ? ಶಾಲೆ ಕಲಿಸಬೇಕಾದದ್ದು ಇದನ್ನೇ. ಕ್ಲಾಸಿನಲ್ಲಿ ಒಬ್ಬ ಮಾವ ಆಗಲಿ, ಇನ್ನೊಬ್ಬ ಬೇಡ ಅನ್ನಲಿ. “ಬೆಳಿಗ್ಗೆ ಹಾಕಿ ಪ್ರಾಕ್ಟೀಸ್ ಇದೆ ಮಾವ” ಅಂದರೆ ಸಾಕು. ಆದರೆ ಬಾಯಲ್ಲಿ ಹೇಳಿ ರೂಢಿ ಇರಬೇಕು. ನಿಮ್ಹಾನ್ಸ್ ರೂಪಿಸಿದ ಜೀವನ ಕೌಶಲ ಶಿಕ್ಷಣವೂ ಹೀಗೇ, ಶಿಕ್ಷಕರ ಮೂಲಕ ಚಟುವಟಿಕೆ ಮಾಡಿಸುತ್ತದೆ.

ಇನ್ನೊಂದು, “ಎಲ್ಲರೂ ಕುಡೀತಾರೆ” ಅನ್ನೋ ನಂಬಿಕೆ. 1986ರಲ್ಲಿ ಪರ್ಕಿನ್ಸ್ ಮತ್ತು ಬರ್ಕೊವಿಟ್ಜ್ ಅನ್ನೋ ಸಂಶೋಧಕರು ಅಮೆರಿಕದ ಕಾಲೇಜೊಂದರಲ್ಲಿ ಇದನ್ನು ತೋರಿಸಿಕೊಟ್ಟರು: ಓರಗೆಯವರು ನಿಜಕ್ಕೆ ಕುಡಿಯುವುದಕ್ಕಿಂತ ಜಾಸ್ತಿ ಕುಡಿಯುತ್ತಾರೆ ಅಂತ ವಿದ್ಯಾರ್ಥಿಗಳು ಅಂದುಕೊಂಡಿರುತ್ತಾರೆ. ನಿಮ್ಮ ಶಾಲೆಯಲ್ಲೂ ಪರೀಕ್ಷೆ ಮಾಡಬಹುದು. ಹೆಸರಿಲ್ಲದ ಚೀಟಿಯಲ್ಲಿ ಎರಡೇ ಪ್ರಶ್ನೆ: ಕಳೆದ ತಿಂಗಳು ನೀನು ಕುಡಿದೆಯಾ? ಕ್ಲಾಸಿನಲ್ಲಿ ಎಷ್ಟು ಜನ ಕುಡಿದಿರಬಹುದು? ಊಹೆಗಿಂತ ನಿಜ ಕಡಿಮೆ ಬಂದರೆ ಆ ಲೆಕ್ಕವನ್ನೇ ಪೋಸ್ಟರ್ ಮಾಡಿ ಅಂಟಿಸಿ. ನಿಜವೇ ಜಾಸ್ತಿ ಬಂದರೆ ಪೋಸ್ಟರ್ ಬೇಡ, ಪೋಷಕರ ಸಭೆ ಕರೆಯಿರಿ.

ಸೋಷಿಯಲ್ ಮಾರ್ಕೆಟಿಂಗ್, ಅಂದ್ರೆ ಮಾರಾಟದ ಉಪಾಯಗಳನ್ನೇ ಬಳಸಿ ಒಳ್ಳೆಯ ಅಭ್ಯಾಸ ಬೆಳೆಸೋದು ಅನ್ನೋದು ಇದನ್ನೇ. ಸೋಪು ಮಾರುವವರು ಗಿರಾಕಿಯನ್ನು ಅರಿತುಕೊಳ್ಳುವ ಹಾಗೆ, ಮಕ್ಕಳು ಯಾರ ಮಾತು ಕೇಳುತ್ತಾರೆ ಅಂತ ಮೊದಲು ತಿಳಿಯಬೇಕು. ಕೊಡಗಿನಲ್ಲಿ ಇದಕ್ಕೆ ಜಾಸ್ತಿ ಹುಡುಕಬೇಕಾಗಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿಯಲ್ಲಿ ಒಂದೇ ಮನೆತನದ ಹಿರಿಯರು, ಕಿರಿಯರು ಜೊತೆಗೆ ಆಡುತ್ತಾರೆ. ಅಧಿಕಾರಿಯೊಬ್ಬರ ಸಂದೇಶಕ್ಕಿಂತ ಸ್ವಂತ ಟೀಮಿನ ಕ್ಯಾಪ್ಟನ್ ಹೇಳುವ ಒಂದು ಮಾತು ಹೆಚ್ಚು ನಾಟುತ್ತದೆ ಅಂತ ನಾನು ನಂಬುತ್ತೇನೆ.

ಐಸ್‌ಲ್ಯಾಂಡ್ ನೋಡಿ. ಹಿಂದಿನ ತಿಂಗಳು ಅಮಲೇರುವಷ್ಟು ಕುಡಿದಿದ್ದ 15–16ರ ಮಕ್ಕಳು 1998ರಲ್ಲಿ 42 ಪರ್ಸೆಂಟ್ ಇದ್ದರು. 2016ಕ್ಕೆ ಅದು 5ಕ್ಕೆ ಇಳಿದಿತ್ತು. ಅಲ್ಲಿ ಆಟ, ಸಂಗೀತಕ್ಕೆ ದುಡ್ಡು ಹಾಕಿದರು. ಮಕ್ಕಳಿಗೆ ಮದ್ಯ ಕೊಡಿಸುವುದಿಲ್ಲ ಅಂತ ಪೋಷಕರು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡರು.

ನಮಗೂ ಆ ಒಪ್ಪಂದ ಬೇಕು. ಪುತ್ತರಿ, ಕೈಲ್ ಪೊಳ್ದ್ ಹಬ್ಬಗಳನ್ನು ಬಿಡಿ ಅಂತ ಯಾರೂ ಹೇಳುತ್ತಿಲ್ಲ. ಮಕ್ಕಳ ಕೈಗೆ ಬಾಟಲಿ, ಟ್ರೇ ಕೊಡಬೇಡಿ. ಮನೆಯಲ್ಲಿ ಮಾಡಿದ ವೈನ್ “ಬರೀ ದ್ರಾಕ್ಷಿ ರಸ” ಅಲ್ಲ, ಹುದುಗು ಬಂದ ಮೇಲೆ ಅದರಲ್ಲಿ ಬಿಯರಿಗಿಂತ ಜಾಸ್ತಿ ಆಲ್ಕೋಹಾಲ್ ಇರಬಹುದು. ಕಾನೂನೂ ಗೊತ್ತಿರಲಿ. ವೈದ್ಯರ ಸಲಹೆ ಇಲ್ಲದೆ 18 ತುಂಬದವರಿಗೆ ಮದ್ಯ ಕೊಟ್ಟರೆ, ಕೊಟ್ಟವರು ಮಾವನೇ ಆಗಿರಲಿ, 2015ರ ಬಾಲನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಇದೆ.

ಮಗ ಈಗಾಗಲೇ ಕುಡಿದಿದ್ದಾನೆ ಅಂತ ಗೊತ್ತಾದರೆ ಹೊಡೆಯಬೇಡಿ, ನಾಲ್ಕು ಜನರ ಮುಂದೆ ಮಾನ ಕಳೆಯಬೇಡಿ. ಎಲ್ಲಿ, ಯಾರ ಜೊತೆ ಅಂತ ಸಮಾಧಾನವಾಗಿ ಕೇಳಿ. ಮತ್ತೆ ಮತ್ತೆ ಆಗುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.